ಹಾರ್ಮೋನ್ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೆ 50 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರಿನಲ್ಲಿ ತೊಯ್ದುಹೋಗುತ್ತೇನೆ, ನಿದ್ದೆಯೇ ಇಲ್ಲ. ಡಾಕ್ಟರು ಹಾರ್ಮೋನ್ ಚಿಕಿತ್ಸೆಗೆ ಹೇಳಿದ್ದಾರೆ. ಅದರಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಓರಗಿತ್ತಿ ಹೆದರಿಸುತ್ತಾಳೆ. ನನ್ನ ಚಿಕ್ಕಮ್ಮನಿಗೆ 62ನೇ ವಯಸ್ಸಿನಲ್ಲಿ ಆ ಕಾಯಿಲೆ ಬಂದಿತ್ತು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಆ ಹೆದರಿಕೆಗೆ ಮೂಲವಿದೆ. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದವರು ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಕೂಡಿದ ಮಾತ್ರೆಯ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಿತು ಎಂಬ ಸುದ್ದಿ ಹಬ್ಬಿತು. ಲೆಕ್ಕ ಬಿಡಿಸಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು. ಅವರ ಸರಾಸರಿ ವಯಸ್ಸು 63. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜೆನ್ ಒಂದನ್ನೇ ಪಡೆದವರಲ್ಲಿ ಹೆಚ್ಚಳ ಕಾಣಲಿಲ್ಲ.

ಹಾಗೆಂದು ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಚಿಕಿತ್ಸೆಯ ವರ್ಷಗಳು ಹೆಚ್ಚಿದಂತೆ ಅದೂ ಏರುತ್ತದೆ. ಪಾಶ್ಚಾತ್ಯ ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜಿನಂತೆ, 50ರಿಂದ ಐದು ವರ್ಷ ಎರಡೂ ಹಾರ್ಮೋನ್ ದಿನವೂ ತೆಗೆದುಕೊಂಡರೆ, 70 ತುಂಬುವುದರೊಳಗೆ 50 ಮಂದಿಯಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು. ಈಸ್ಟ್ರೋಜೆನ್ ಒಂದೇ ಆದರೆ 200ರಲ್ಲಿ ಒಬ್ಬರಿಗೆ.

ಆದ್ದರಿಂದ ಯಾವ ಹಾರ್ಮೋನ್, ಎಷ್ಟು ಕಾಲ ಎಂಬುದೇ ನಿಮ್ಮ ಪ್ರಶ್ನೆಯಾಗಲಿ. ಗರ್ಭಕೋಶ ಇದ್ದರೆ ಅದರ ಒಳಪದರದ ರಕ್ಷಣೆಗೆ ಪ್ರೊಜೆಸ್ಟಿನ್‌ನಂಥ ಎರಡನೆಯ ಹಾರ್ಮೋನ್ ಬೇಕೇ ಬೇಕು. ಚಿಕ್ಕಮ್ಮನ ಕಾಯಿಲೆಯೊಂದೇ ಅಡ್ಡಿಯಲ್ಲ. ಆದರೆ ಅವರಿಗೆ ಕಾಯಿಲೆ ಬಂದ ವಯಸ್ಸನ್ನೂ, ಮನೆಯಲ್ಲಿ ಬೇರೆ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನೂ ಡಾಕ್ಟರಿಗೆ ತಿಳಿಸಿ. ನಿಮಗೇ ಹಿಂದೆ ಸ್ತನ ಕ್ಯಾನ್ಸರ್ ಬಂದಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಆಗಿದ್ದರೆ ಸಾಮಾನ್ಯವಾಗಿ ಈ ಚಿಕಿತ್ಸೆ ಕೊಡುವುದಿಲ್ಲ.

ಶುರು ಮಾಡುವ ಮುನ್ನ ಸ್ತನ ಪರೀಕ್ಷೆ, ಮ್ಯಾಮೊಗ್ರಾಮ್ ಆಗಲಿ. ಎರಡೂ ಕೂಡಿದ ಹಾರ್ಮೋನ್ ಸ್ತನದ ಸಾಂದ್ರತೆ ಹೆಚ್ಚಿಸಿ ಚಿತ್ರ ಓದುವುದನ್ನು ಕಷ್ಟವಾಗಿಸಬಹುದು. ಮುಂದಿನ ಸಲ ಮ್ಯಾಮೊಗ್ರಾಮ್ ಮಾಡಿಸುವಾಗ ಚಿಕಿತ್ಸೆಯ ವಿಷಯ ಅಲ್ಲಿ ಹೇಳಿ. ಮೊದಲ ಕೆಲವು ತಿಂಗಳು ಸ್ತನ ನೋಯುವುದು ಸಾಮಾನ್ಯ. ಗಂಟು, ತೊಟ್ಟಿನಿಂದ ರಕ್ತ ಅಥವಾ ಸ್ರಾವ, ಚರ್ಮದ ಗುಳಿ ಕಂಡರೆ ಮಾತ್ರ ಕಾಯಬೇಡಿ.

ಹಾರ್ಮೋನ್ ಬೇಡವೆನಿಸಿದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಔಷಧಿಗಳೂ ಬಿಸಿ ಏರುವುದನ್ನು ತಗ್ಗಿಸುತ್ತವೆ. ಅವನ್ನೂ ಡಾಕ್ಟರೇ ಬರೆಯಬೇಕು. ಹಾರ್ಮೋನ್ ಚಿಕಿತ್ಸೆಗೆ ಒಪ್ಪಿದರೆ, ವರ್ಷಕ್ಕೊಮ್ಮೆ ಇನ್ನೂ ಬೇಕೇ ಎಂದು ಕೂತು ಮಾತಾಡಿ. ನಿದ್ದೆಗೆಟ್ಟು ಸಹಿಸುವುದೊಂದೇ ದಾರಿ ಎಂದುಕೊಳ್ಳಬೇಡಿ.