ಮೇಲ್ದುಟಿಯ ಗಂಟು



ಎಪ್ಪತ್ತರ ಹೊಸ್ತಿಲಲ್ಲಿರುವ ತಮ್ಮ ತಾಯಿಯವರ ಮೇಲ್ದುಟಿಯ ಒಳಮಗ್ಗುಲಲ್ಲಿ, ನೋವಿಲ್ಲದೆ, ಬೆರಳಿಗೆ ಅತ್ತಿತ್ತ ಸರಿಯುತ್ತ, ಮೆಲ್ಲಮೆಲ್ಲನೆ ಬೆಳೆದು ಕಡಲೆಕಾಳಿನ ಗಾತ್ರಕ್ಕೆ ಬಂದಿರುವ ಗಂಟಿನ ವಿಚಾರವನ್ನು ತಮ್ಮ ಪತ್ರದಲ್ಲಿ ಓದಿದೊಡನೆ ನನ್ನ ಮನಸ್ಸು ಕೆನಾಲಿಕ್ಯುಲರ್ ಅಡಿನೋಮವೆಂಬ ವಿರಳವಾದ, ಆದರೆ ಸೌಮ್ಯಸ್ವಭಾವದ ಗೆಡ್ಡೆಯ ಕಡೆಗೆ ಹರಿಯಿತು. ಲಾಲಾರಸವನ್ನು ಸ್ರವಿಸುವ ದೊಡ್ಡ ಗ್ರಂಥಿಗಳು ಮೂರು ಜೋಡಿಯಷ್ಟೇ ಇದ್ದರೂ, ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಡಿಯಲ್ಲಿ 600ರಿಂದ 1000ದವರೆಗೆ ಕಿರುಗ್ರಂಥಿಗಳು ಹುದುಗಿರುತ್ತವೆ. ಈ ಗೆಡ್ಡೆ ಹುಟ್ಟುವುದು ಬಹುಮಟ್ಟಿಗೆ ಅವುಗಳಲ್ಲಿಯೇ, ಅದರಲ್ಲಿಯೂ ಮೇಲ್ದುಟಿಯಲ್ಲಿ, ವಯಸ್ಸಾದ ಸ್ತ್ರೀಯರಲ್ಲಿ ಹೆಚ್ಚಾಗಿ. ಕೆಳದುಟಿಯ ಊತವಾಗಿದ್ದರೆ, ಹಲ್ಲು ಕಚ್ಚಿ ನಾಳ ಹರಿದು ಲೋಳೆ ತುಂಬಿದ ಬೊಕ್ಕೆಯೆಂದು ಊಹಿಸುತ್ತಿದ್ದೆ.

ಆದರೂ ಬರಿಗಣ್ಣಿನ ನೋಟದಿಂದ ನಿರ್ಣಯ ಸಲ್ಲದು; ಮೇಲ್ದುಟಿಯ ಗಟ್ಟಿ ಗಂಟುಗಳಲ್ಲಿ ಕೆಲವು ಅರ್ಬುದವೂ ಆಗಿರಬಲ್ಲವು. ಆದುದರಿಂದ ಗಂಟಿಗೆ ಸುಣ್ಣ ಹಚ್ಚುತ್ತಿರುವುದಾಗಿ ತಾವು ಬರೆದಿರುವಿರಲ್ಲ, ಅದನ್ನು ಇಂದೇ ನಿಲ್ಲಿಸಿ, ಸಮೀಪದ ದಂತವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕರಲ್ಲಿಗೆ ಅವರನ್ನು ದಯಮಾಡಿ ಕರೆದೊಯ್ಯಿರಿ. ತುಟಿಯನ್ನಷ್ಟೇ ಮರಗಟ್ಟಿಸಿ, ಸುತ್ತಣ ತುಸು ಮಾಂಸದೊಡನೆ ಗಂಟನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹುವರು. ಊಹೆ ನಿಜವಾದರೆ ಅದು ಮರಳಿ ಬರುವುದು ಅಪೂರ್ವ. ಒಂದೇ ತುಟಿಯಲ್ಲಿ ಹಲವು ಮೂಡುವುದುಂಟಾದ್ದರಿಂದ ಮುಂದೆಯೂ ಆಗಾಗ ತೋರಿಸುತ್ತಿರಬೇಕು. ತಾಯಿಯವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದಲ್ಲಿ, ತಾವಾಗಿ ನಿಲ್ಲಿಸದೆ, ವೈದ್ಯರಿಗೆ ಮೊದಲೇ ತಿಳಿಸಿರಿ.