ಹನ್ನಳ ಚಿಕ್ಕ ನಿಲುವಂಗಿ: ಮಕ್ಕಳ ಹುಟ್ಟುಹಬ್ಬವನ್ನೂ ಬೆಳವಣಿಗೆಯನ್ನೂ ಕುರಿತ ಪಾಠ

ಓದತಕ್ಕ ವೇದಭಾಗಗಳು: 1 ಸಮುವೇಲ 2:18-26; ಮಾರ್ಕ 5:35-43 ಮತ್ತು 6:21-28; ಲೂಕ 2:40, 52.

ನಮ್ಮ ಹಿರಿಯರ ಕಾಲದಲ್ಲಿ ಹಳ್ಳಿಯ ಕೂಸಿಗೆ ತೊಟ್ಟಿಲಿನ ಹಬ್ಬವಿತ್ತು, ಹೆಸರಿಡುವ ಹಬ್ಬವಿತ್ತು. ವರುಷ ವರುಷ ಬರುವ ಹುಟ್ಟುಹಬ್ಬವೆಂಬದು ಬಹಳ ಮನೆಗಳಲ್ಲಿ ಇರಲಿಲ್ಲ. ನೀನು ಯಾವಾಗ ಹುಟ್ಟಿದಿ ಎಂದು ಮುದುಕರನ್ನು ಕೇಳಿದರೆ, ಪ್ಲೇಗಿನ ವರುಷವೆಂತಲೂ 1918ರ ಇನ್‌ಫ್ಲುಯೆಂಜಾ ಜ್ವರದ ವರುಷವೆಂತಲೂ ಊರಿಗೆ ಬಂದ ಸಂಕಟದ ಲೆಕ್ಕದಿಂದಲೇ ಉತ್ತರ ಕೊಡುತ್ತಿದ್ದರು. ಈಗಲಾದರೋ ಕಾಲವು ಬೇರೆ. ಬೆಳಗಾವಿಯ ಪೇಟೆಯಲ್ಲಿ ಕೇಕು, ಬಲೂನು, ಕುಂದಾ ಇವುಗಳಿಂದ ನಡೆಯುವ ಹುಟ್ಟುಹಬ್ಬವು ಅಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಖಾನಾಪುರಕ್ಕೂ, ಅದರಾಚೆ ಮಲಪ್ರಭೆಯ ದಂಡೆಯ ಊರುಗಳಿಗೂ, ಕಣಕುಂಬಿಯ ಕಡೆಯ ಕಾಡಂಚಿನ ಮನೆಗಳಿಗೂ ಬಂದು ಮುಟ್ಟಿದೆ. ಹೀಗಿರಲಾಗಿ ಇದನ್ನು ನಾವು ಹೇಗೆ ಆಚರಿಸತಕ್ಕದ್ದೆಂಬದನ್ನು ವೇದದ ಬೆಳಕಿನಲ್ಲಿ ವಿಚಾರಿಸುವದು ಯುಕ್ತವಾಗಿದೆ.

1. ಅರಸರ ಹುಟ್ಟುಹಬ್ಬಗಳು

ಸತ್ಯವೇದದಲ್ಲಿ ಹುಟ್ಟುಹಬ್ಬದ ಔತಣಗಳೆಂದು ಸ್ಪಷ್ಟವಾಗಿ ಹೇಳಿದವು ಎರಡೇ. ಒಂದು ಫರೋಹನದು (ಆದಿಕಾಂಡ 40:20), ಮತ್ತೊಂದು ಹೆರೋದನದು. ಮೊದಲನೆಯ ಔತಣದ ದಿನ ಭಕ್ಷ್ಯಗಾರರ ಮುಖ್ಯಸ್ಥನನ್ನು ತೂಗಹಾಕಿದರು. ಎರಡನೆಯದರಲ್ಲಿ ಸ್ನಾನಿಕನಾದ ಯೋಹಾನನ ತಲೆಯು ಹರಿವಾಣದಲ್ಲಿ ಬಂತು. ಇದನ್ನು ನೋಡಿ ಮೂರನೆಯ ಶತಮಾನದ ಒರಿಗೇನನೆಂಬ ಸಭಾಬೋಧಕನು, ಪಾಪಿಗಳೇ ಹುಟ್ಟಿದ ದಿನವನ್ನು ಕೊಂಡಾಡುವರು, ಪರಿಶುದ್ಧರು ಹಾಗೆ ಮಾಡುವದಿಲ್ಲವೆಂದು ಬೋಧಿಸಿದನು. ಇಂದಿಗೂ ನಮ್ಮ ಕೆಲವು ಹಿರಿಯರು ಇದೇ ಅಭಿಪ್ರಾಯದವರು. ಅವರ ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಆ ಎರಡು ಔತಣಗಳ ದೋಷವು ದಿನದಲ್ಲಿ ಇರಲಿಲ್ಲ. ಔತಣ ಮಾಡಿಸಿದವನು ತನ್ನನ್ನೇ ಮೆರೆಸಿಕೊಂಡದ್ದರಲ್ಲಿ ಇತ್ತು. ಅಬ್ರಹಾಮನು ಇಸಾಕನು ಮೊಲೆ ಬಿಟ್ಟ ದಿನದಲ್ಲಿ ದೊಡ್ಡ ಔತಣ ಮಾಡಿದ್ದನ್ನೂ ಅದೇ ವೇದವು ಹೇಳುತ್ತದಲ್ಲವೇ (ಆದಿಕಾಂಡ 21:8)? ಮಗುವು ಒಂದು ಹೆಜ್ಜೆ ಬೆಳೆಯಿತೆಂದು ಮನೆಯವರು ಸಂತೋಷಪಡುವದನ್ನು ದೇವರು ಬೇಡವೆನ್ನಲಿಲ್ಲ.

2. ತಾಯಿಯ ಅಳತೆ

ಈ ಪಾಠಕ್ಕೆ ನಮ್ಮ ಮುಖ್ಯ ಸಾಕ್ಷಿಯು ಹನ್ನಳು. ಆಕೆಯು ತನ್ನ ಮಗನಾದ ಸಮುವೇಲನನ್ನು ದೇವರಿಗೆ ಒಪ್ಪಿಸಿ ಶೀಲೋವಿನಲ್ಲಿ ಬಿಟ್ಟುಬಂದಳು. ಆದಾಗ್ಯೂ ಪ್ರತಿವರುಷ ಯಜ್ಞಕ್ಕಾಗಿ ಗಂಡನೊಡನೆ ಹೋಗುವಾಗ ಅವನಿಗಾಗಿ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿ ತಂದುಕೊಡುತ್ತಿದ್ದಳು. ಈ ಮಾತಿನ ಬಳಿ ಸ್ವಲ್ಪ ನಿಲ್ಲೋಣ. ಹೋದ ವರುಷದ ಅಳತೆಗೆ ಹೊಲಿದ ಅಂಗಿಯು ಈ ವರುಷ ಬೆಳೆಯುವ ಹುಡುಗನಿಗೆ ಸಾಲದು. ಆದಕಾರಣ ಹೊಲಿಯುವ ತಾಯಿಯು, ನನ್ನ ಮಗನ ತೋಳು ಈಗ ಎಷ್ಟು ಉದ್ದವಾಗಿದ್ದೀತು, ಅವನ ಹೆಗಲು ಎಷ್ಟು ಅಗಲವಾಗಿದ್ದೀತು ಎಂದು ಮನಸ್ಸಿನಲ್ಲಿಯೇ ಅಳೆಯಬೇಕಾಯಿತು. ಅದೇ ಅಧ್ಯಾಯದಲ್ಲಿ ಬಾಲಕನು ಬೆಳೆಯುತ್ತಾ ಬಂದನೆಂದು ಬರೆದದೆ. ಲೂಕನು ಕರ್ತನಾದ ಯೇಸುವಿನ ಬಾಲ್ಯವನ್ನು ಹೇಳುವಾಗ ಹೆಚ್ಚುಕಡಿಮೆ ಅದೇ ರೀತಿಯ ಮಾತನ್ನು ಉಪಯೋಗಿಸಿ, ಜ್ಞಾನದಲ್ಲಿಯೂ ದೇಹದಲ್ಲಿಯೂ ಆತನು ವೃದ್ಧಿಹೊಂದಿದನೆನ್ನುತ್ತಾನೆ. ದೇವಕುಮಾರನು ಬೆಳೆಯುವ ಮಗುವಾದದ್ದರಿಂದ ಮಗುವಿನ ಬೆಳವಣಿಗೆಯು ಕೀಳಾದ ಲೌಕಿಕ ಸಂಗತಿಯಲ್ಲ. ಪ್ರೀತಿಯು ಅಳೆಯುತ್ತದೆ, ಅಳೆದು, ಸಾಲದ್ದನ್ನು ಕಂಡು, ಬೇಕಾದದ್ದನ್ನು ಒದಗಿಸುತ್ತದೆ.

3. ನಮ್ಮ ಕಾಲದ ಅಳತೆ

ಹನ್ನಳಿಗೆ ಅಂಗಿ ಇದ್ದ ಹಾಗೆ ನಮ್ಮ ತಾಯಂದಿರಿಗೆ ತಕ್ಕಡಿಯೂ ತಾಯಿ ಕಾರ್ಡೂ ಇವೆ. ಚೆನ್ನಾಗಿ ಬೆಳೆಯುವ ಕೂಸು ಹುಟ್ಟಿದಾಗಿನ ತೂಕಕ್ಕೆ ಐದು ತಿಂಗಳಲ್ಲಿ ಎರಡರಷ್ಟು, ಒಂದು ವರುಷಕ್ಕೆ ಮೂರರಷ್ಟು, ಎರಡು ವರುಷಕ್ಕೆ ನಾಲ್ಕರಷ್ಟು ಆಗುವದು ಸಾಮಾನ್ಯ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರು ಉದ್ದವಿದ್ದದ್ದು ವರುಷ ತುಂಬುವಾಗ ಸುಮಾರು 75 ಆಗುವದು. ಲೋಕ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಎರಡು ವರುಷ ತುಂಬಿದ ಹೆಣ್ಣುಮಗುವಿನ ನಡುಮಟ್ಟದ ತೂಕ 11.5 ಕಿಲೋ, ಎತ್ತರ ಸುಮಾರು 86 ಸೆಂಟಿಮೀಟರು. 9 ಕಿಲೋಗಿಂತ ಕಡಿಮೆಯಿದ್ದರೆ ಮಗುವು ತೂಕದಲ್ಲಿ ಹಿಂದುಳಿದದೆಂದು ತಿಳಿಯಬೇಕು. ಇನ್ನೊಂದು ಮಾತನ್ನೂ ತಾಯಂದಿರು ಬಲ್ಲವರಾಗಿರಲಿ: ಮೊದಲನೆಯ ವರುಷದಲ್ಲಿ ಆರು ಕಿಲೋದಷ್ಟು ಏರಿದ ಕೂಸು ಎರಡನೆಯ ವರುಷದಲ್ಲಿ ಎರಡೂವರೆ ಕಿಲೋದಷ್ಟು ಮಾತ್ರ ಏರುವದು ಸ್ವಾಭಾವಿಕ. ಗುಂಡಗಿದ್ದ ಕೂಸು ನಡೆಯಲಾರಂಭಿಸಿ ತೆಳ್ಳಗಾದರೆ ದೃಷ್ಟಿ ತಾಗಿತೆಂದು ಹೆದರಬೇಕಾದದ್ದಿಲ್ಲ. ಆದರೆ ಏರುವದು ನಿಂತೇಹೋದರೆ ಸುಮ್ಮನಿರಲೂ ಬಾರದು.

ಬೆಳವಣಿಗೆಯ ಕಾರ್ಡನ್ನು ಹಳ್ಳಿಯ ತಾಯಿಯ ಕೈಗೆ ಕೊಡುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಡೇವಿಡ್ ಮಾರ್ಲಿಯವರೆಂಬ ಇಂಗ್ಲಿಷ್ ವೈದ್ಯರು. ಅವರು 1950ರ ದಶಕದಲ್ಲಿ ನೈಜೀರಿಯ ದೇಶದ ಇಲೇಶಾ ಎಂಬಲ್ಲಿನ ಮೆಥೊಡಿಸ್ಟ್ ಮಿಶನ್ ಆಸ್ಪತ್ರೆಯಲ್ಲಿ ಸೇವೆಮಾಡುತ್ತಿದ್ದರು. ಮಗುವಿನ ತೂಕವನ್ನು ಆಸ್ಪತ್ರೆಯ ಕಪಾಟಿನಲ್ಲಿ ಬೀಗ ಹಾಕಿಡದೆ ತಾಯಿಯ ಮನೆಯಲ್ಲಿಯೇ ಇರಿಸಬೇಕೆಂಬದೂ, ಒಂದು ದಿನದ ತೂಕಕ್ಕಿಂತ ತಿಂಗಳು ತಿಂಗಳ ಗೆರೆಯು ಯಾವ ಕಡೆಗೆ ಹೋಗುತ್ತದೆಂಬದು ಹೆಚ್ಚಿನದೆಂಬದೂ ಆ ಕಾರ್ಡಿನ ತಿರುಳು. ನಮ್ಮ ದೇಶದಲ್ಲಿ 1975ರ ಅಕ್ಟೋಬರ 2ರಂದು ಆರಂಭವಾದ ಅಂಗನವಾಡಿಗಳಲ್ಲಿ ಈ ಗೆರೆಯನ್ನೇ ಎಳೆಯುತ್ತಾರೆ. ಹಸಿರು ಪಟ್ಟೆಯಲ್ಲಿ ಏರುವ ಗೆರೆ ಒಳ್ಳೇದು, ಹಳದಿಯು ಎಚ್ಚರಿಕೆ, ಕಿತ್ತಳೆಯು ಅಪಾಯ.

4. ಜ್ಞಾನದಲ್ಲಿ ಬೆಳೆಯುವದು

ದೇಹದೊಂದಿಗೆ ಜ್ಞಾನವನ್ನೂ ಲೂಕನು ಹೇಳಿದ್ದಾನೆ. ಎರಡು ವರುಷದ ಮಗುವು ಓಡುವದು, ಚೆಂಡನ್ನು ಒದೆಯುವದು, ಮೂಗು ಎಲ್ಲಿ ಅಂದರೆ ಮೂಗನ್ನು ತೋರಿಸುವದು, “ಅವ್ವಾ ನೀರು” ಎಂಬಂತೆ ಎರಡು ಮಾತುಗಳನ್ನು ಜೋಡಿಸುವದು. ಒಂದು ಮಗು ಬೇಗ, ಒಂದು ತಡವಾಗಿ. ನೆರೆಮನೆಯ ಕೂಸಿನೊಂದಿಗೆ ಹೋಲಿಸಿ ತಾಯಿಯ ಮನಸ್ಸನ್ನು ನೋಯಿಸಬಾರದು. ಆದರೆ ಒಂದೂವರೆ ವರುಷವಾದರೂ ನಡೆಯದ, ಕರೆದರೆ ತಿರುಗದ, ಕಲಿತ ಮಾತನ್ನು ಮರೆಯುವ ಮಗುವನ್ನು ವೈದ್ಯರಿಗೆ ತೋರಿಸುವದು ಅವಶ್ಯ. ಕಿವಿ ಮಂದವಾದ ಮಗುವನ್ನು ಬೇಗ ಗುರುತಿಸಿದರೆ ಅದಕ್ಕೆ ಮಾತು ಕಲಿಸಲು ಸುಲಭ.

5. ಇಬ್ಬರು ಹುಡುಗಿಯರು

ಈಗ ಮಾರ್ಕನ ಸುವಾರ್ತೆಗೆ ಬರೋಣ. ಒಂದರ ಹಿಂದೊಂದು ಬರುವ ಎರಡು ಅಧ್ಯಾಯಗಳಲ್ಲಿ ಇಬ್ಬರು ಹುಡುಗಿಯರ ಕಥೆಯಿದೆ. ಐದನೆಯದರಲ್ಲಿ ಯಾಯೀರನ ಮಗಳು; ಆರನೆಯದರಲ್ಲಿ ಹೆರೋದ್ಯಳ ಮಗಳು. ಗ್ರೀಕ್ ಮೂಲದಲ್ಲಿ ಇಬ್ಬರಿಗೂ ಹೇಳಿದ ಹೆಸರು ಒಂದೇ, ಕೊರಾಸಿಯೋನ್, ಅಂದರೆ ಚಿಕ್ಕ ಹುಡುಗಿ. ಹುಟ್ಟುಹಬ್ಬದ ಮನೆಯಲ್ಲಿದ್ದ ಹುಡುಗಿಯನ್ನು ದೊಡ್ಡವರು ಅತಿಥಿಗಳ ಮುಂದೆ ಕುಣಿಸಿ, ತಮ್ಮ ಹಗೆತನಕ್ಕೆ ಉಪಯೋಗಿಸಿದರು. ಆಕೆಗೆ ಏನು ಬೇಕೆಂಬದನ್ನು ತಾಯಿಯೇ ನಿರ್ಣಯಿಸಿದಳು. ಗೋಳಾಟದ ಮನೆಯಲ್ಲಿದ್ದ ಹುಡುಗಿಯ ಕೈಯನ್ನು ಕರ್ತನು ಹಿಡಿದು ಎಬ್ಬಿಸಿದನು. ಆಕೆಯ ವಯಸ್ಸು ಹನ್ನೆರಡೆಂದು ಸುವಾರ್ತೆಯು ಮರೆಯದೆ ಬರೆದಿಟ್ಟಿದೆ. ಎಬ್ಬಿಸಿದ ಮೇಲೆ ಕರ್ತನು ಮನೆಯವರಿಗೆ ಹೇಳಿದ್ದೇನು? ಆಕೆಗೆ ಊಟ ಕೊಡಿರೆಂಬದೇ. ಇಷ್ಟು ದೊಡ್ಡ ಅದ್ಭುತವು ಒಂದು ಹುಡುಗಿಯ ತಟ್ಟೆಯ ಬಳಿ ಮುಗಿಯಿತು.

ನಮ್ಮ ನಾಡಿನ ಹುಡುಗಿಯರ ತಟ್ಟೆಯ ವಿಚಾರವೇನು? ಗಂಡುಕೂಸಿನ ಹುಟ್ಟುಹಬ್ಬಕ್ಕೆ ಊರೂಟ, ಹೆಣ್ಣುಕೂಸಿನದಕ್ಕೆ ಮೌನ ಎಂಬ ಭೇದವು ನಮ್ಮ ಸಭೆಗಳೊಳಗೂ ಪೂರಾ ಹೋಗಿಲ್ಲ. ಗರ್ಭದಲ್ಲಿಯೇ ಹೆಣ್ಣೆಂದು ತಿಳಿದು ನಾಶಮಾಡುವ ಪಾಪವನ್ನು ತಡೆಯಲು ಸರಕಾರವು 1994ರಲ್ಲಿ ಕಾಯಿದೆ ಮಾಡಬೇಕಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಸುಮಾರು 33 ಮಂದಿ ತಕ್ಕ ತೂಕವಿಲ್ಲದವರು. ಕೇಕು ಕೊಯ್ಯುವ ಕೈಗಳಲ್ಲಿ ಮೂರಕ್ಕೊಂದು ಕೈಯು ಬಡಕಲಾಗಿದೆಯೆಂದು ಇದರ ಅರ್ಥ.

6. ಒಂದು ದೃಷ್ಟಾಂತ

ಖಾನಾಪುರದ ಆಚೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಹೆಣ್ಣುಕೂಸಿಗೆ ಎರಡು ವರುಷ ತುಂಬುತ್ತದೆ. ಬೆಳಗಾವಿಯಲ್ಲಿ ಕೆಲಸದಲ್ಲಿರುವ ಕಾಕಾ ಬಂದು, “ನಗರದಲ್ಲಿ ಹಾಲ್ ಹಿಡಿಯೋಣ, ಇಷ್ಟಾದರೂ ಮಾಡದಿದ್ದರೆ ಮಂದಿ ಏನಂದಾರು?” ಅನ್ನುತ್ತಾನೆ. ತಂದೆಯು ಸಾಲಕ್ಕೆ ಸಿದ್ಧನಾಗುತ್ತಾನೆ. ಅಜ್ಜಿಯು ಮಾತ್ರ, “ಮೊದಲು ಕೂಸನ್ನು ತೂಗಿಸಿಕೊಂಡು ಬರ್ರಿ” ಅನ್ನುತ್ತಾಳೆ. ಅಂಗನವಾಡಿಯ ತಕ್ಕಡಿಯಲ್ಲಿ 9.4 ಕಿಲೋ. ಪಟ್ಟೆಯೇನೋ ಹಸಿರೇ. ಆದರೆ ಒಂದೂವರೆ ವರುಷದಲ್ಲಿ 9.3 ಇತ್ತು, ಆರು ತಿಂಗಳಲ್ಲಿ ಏರಿದ್ದು 100 ಗ್ರಾಮು, ಏರಬೇಕಾದದ್ದು ಒಂದು ಕಿಲೋಗಿಂತ ಹೆಚ್ಚು. ಗೆರೆಯು ಮಲಗಿದೆ, ಹೀಗೆಯೇ ಬಿಟ್ಟರೆ ಹಳದಿಗೆ ಇಳಿಯುವದು.

ಕಾರಣವನ್ನು ಹುಡುಕಿದರೆ ಗೂಢವಾದದ್ದೇನೂ ಇಲ್ಲ. ಮೊಲೆ ಬಿಟ್ಟ ಮೇಲೆ ಕೂಸಿಗೆ ಚಹದಲ್ಲಿ ಅದ್ದಿದ ಬಿಸ್ಕಿಟು. ಅಣ್ಣನ ತಟ್ಟೆಯಲ್ಲಿ ಉಳಿದ ಅನ್ನ. ಮಳೆಗಾಲದಲ್ಲಿ ಎರಡು ಸಾರಿ ಭೇದಿ. ಜಡಿಮಳೆಗೆ ಹೆದರಿ ಅಂಗನವಾಡಿಗೆ ಹೋಗದೆ ಇದ್ದದ್ದು. ಪರಿಹಾರವೂ ಮನೆಯೊಳಗಿನದೇ. ಕೂಸಿಗೆ ಅದರದೇ ತಟ್ಟೆ; ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಾರಿ ತಿನಿಸು; ಹೆಸರುಬೇಳೆಯ ಅನ್ನಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ; ತತ್ತಿ, ಸೊಪ್ಪು, ಹಾಲು, ಕುಟ್ಟಿದ ಶೇಂಗಾ ಪುಡಿ. ಭೇದಿಯಾದರೆ ಓ.ಆರ್.ಎಸ್. ನೀರೂ ಹದಿನಾಲ್ಕು ದಿನ ಸತುವಿನ ಗುಳಿಗೆಯೂ ಕೊಟ್ಟು, ಊಟವನ್ನು ನಿಲ್ಲಿಸದೆ ಇರುವದು. ಇಷ್ಟಾದರೂ ಗೆರೆ ಏಳದಿದ್ದರೆ ವೈದ್ಯರ ಬಳಿಗೆ ಹೋಗುವದು. ಹಾಲ್ ಹಿಡಿಯುವ ಹಣದಲ್ಲಿ ಇದೆಲ್ಲವೂ ಎಷ್ಟು ತಿಂಗಳು ನಡೆದೀತೆಂದು ಆ ತಂದೆಯು ಲೆಕ್ಕ ಹಾಕಲಿ. ಮನೆಯಲ್ಲಿ ಪಾಯಸ ಮಾಡಿ, ನೆರೆಯವರನ್ನು ಕರೆದು, ದೇವರನ್ನು ಸ್ತುತಿಸಿದರೆ ಹಬ್ಬಕ್ಕೆ ಕೊರತೆಯೇನು?

7. ತಾಯಿಯ ದಿನವೂ ಹೌದು

ಕೂಸು ಹುಟ್ಟಿದ ದಿನವೇ ತಾಯಿಯು ಮರಣದ ಬಾಗಿಲಿನಿಂದ ತಿರುಗಿ ಬಂದ ದಿನವು. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯುವದನ್ನು ತಡೆಯುವದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಒಂದು ಪರೀಕ್ಷೆ ನಡೆಯಿತು. 2002ರಿಂದ 2005ರ ವರೆಗೆ ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನವರೂ ಪರದೇಶದ ವೈದ್ಯರೂ ಕೂಡಿ, 1,620 ಮಂದಿ ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯ ದಾದಿಯರ ಕೈಯಿಂದ ಕೊಡಿಸಿ ನೋಡಿದರು. ಗುಳಿಗೆ ತಕ್ಕೊಳ್ಳದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚು ರಕ್ತ ಹೋದರೆ, ತಕ್ಕೊಂಡವರಲ್ಲಿ ನೂರಕ್ಕೆ 6 ಮಂದಿಗೆ ಚಿಲ್ಲರೆ ಮಾತ್ರ. 2006ರಲ್ಲಿ ಪ್ರಕಟವಾದ ಈ ಫಲಿತಾಂಶವು ಅನೇಕ ದೇಶಗಳ ತಾಯಂದಿರಿಗೆ ಉಪಯೋಗವಾಯಿತು. ಆದದರಿಂದ ಹುಟ್ಟುಹಬ್ಬದ ಪ್ರಾರ್ಥನೆಯಲ್ಲಿ ಹೆತ್ತವಳನ್ನೂ ಆಕೆಯ ಕೈಹಿಡಿದ ದಾದಿಯನ್ನೂ ನೆನಸುವದು ನ್ಯಾಯ.

8. ಸಭೆಗಳು ಮಾಡತಕ್ಕವು

ಮೊದಲನೆಯದು, ಹುಟ್ಟಿದ ದಿನವನ್ನು ಸರಿಯಾಗಿ ಬರೆಯಿಸುವದು. 1969ರ ಕಾಯಿದೆಯಂತೆ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಹಣವಿಲ್ಲ. 2023ರ ಅಕ್ಟೋಬರ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವದು ಮೊದಲಾದ ಕಾರ್ಯಗಳಲ್ಲಿ ಈ ಪ್ರಮಾಣಪತ್ರವೇ ಆಧಾರ. ಎರಡನೆಯದು, ಹುಟ್ಟುಹಬ್ಬದ ವಾರದಲ್ಲಿ ಕೂಸನ್ನು ತೂಗಿ, ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗುರುತಿಸಿ, ಲಸಿಕೆಗಳನ್ನು ನೋಡುವದು. ಒಂಬತ್ತು ತಿಂಗಳಿಗೂ, ಮತ್ತೆ 16ರಿಂದ 24 ತಿಂಗಳೊಳಗೂ ದಡಾರದ ಲಸಿಕೆಯು ಬೀಳಬೇಕು. ಎರಡನೆಯದನ್ನು ಮರೆಯುವವರು ಬಹಳ. ಮೂರನೆಯದು, ಹಬ್ಬದ ಗದ್ದಲದಲ್ಲಿ ಎಚ್ಚರಿಕೆ: ಇಡೀ ಶೇಂಗಾಬೀಜ, ಪುಟಾಣಿ, ಒಡೆದ ಬಲೂನಿನ ತುಂಡು ಚಿಕ್ಕವರ ಉಸಿರುಗೊಳವೆಗೆ ಸಿಕ್ಕಿ ಪ್ರಾಣಕ್ಕೆ ಬರುವವು. ನಾಲ್ಕನೆಯದು, ಹೆಣ್ಣು ಗಂಡೆಂಬ ಭೇದವಿಲ್ಲದೆ ತಿಂಗಳಿಗೊಮ್ಮೆ ಆ ತಿಂಗಳಲ್ಲಿ ಹುಟ್ಟಿದ ಎಲ್ಲಾ ಮಕ್ಕಳಿಗಾಗಿ ಗುಡಿಯಲ್ಲಿ ಒಟ್ಟಿಗೆ ಪ್ರಾರ್ಥಿಸುವದು; ಆಗ ಬಡವರ ಕೂಸಿಗೂ ಹಬ್ಬವಾಗುವದು.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳುತ್ತೇವೆ. ಕೆಲವು ಮಕ್ಕಳ ಗೆರೆಯು ನಾವು ಎಷ್ಟು ಮಾಡಿದರೂ ಎಲ್ಲರ ಗೆರೆಯಂತೆ ಏರುವದಿಲ್ಲ. ಅವರು ನಡೆಯದೆ, ಮಾತಾಡದೆ ಇರಬಹುದು. ತಕ್ಕಡಿಯು ತಾಯಿಗೆ ಸಹಾಯಕ. ಅದು ಮಗುವಿನ ಬೆಲೆಯನ್ನು ಹೇಳಲಾರದು. ಅಂಥ ಕೂಸಿನ ಹುಟ್ಟುಹಬ್ಬಕ್ಕೂ ಸಭೆಯು ಹೋಗಲಿ. 2020ರ ಲೆಕ್ಕದಂತೆ ಕರ್ನಾಟಕದಲ್ಲಿ ಸಾವಿರ ಕೂಸುಗಳಲ್ಲಿ 19 ಕೂಸುಗಳು ವರುಷ ತುಂಬುವ ಮೊದಲೇ ತೀರಿಕೊಂಡವು. ಹಾಗೆ ಕೂಸನ್ನು ಕಳಕೊಂಡ ಮನೆಯಲ್ಲಿಯೂ ಆ ದಿನವು ವರುಷ ವರುಷ ಬರುತ್ತದೆ. ಅಂದು ಆ ತಾಯಿಯ ಬಳಿ ಒಬ್ಬರಾದರೂ ಹೋಗಿ ಕೂತುಕೊಳ್ಳಲಿ.

ಆಲೋಚನೆಗೆ ಪ್ರಶ್ನೆಗಳು

1. ಹೆರೋದನ ಔತಣಕ್ಕೂ ಅಬ್ರಹಾಮನ ಔತಣಕ್ಕೂ ಇರುವ ವ್ಯತ್ಯಾಸವೇನು?
2. ನಿಮ್ಮ ಮನೆಯ ಚಿಕ್ಕ ಮಗುವಿನ ಈಗಿನ ತೂಕವೆಷ್ಟು? ಆರು ತಿಂಗಳ ಹಿಂದೆ ಎಷ್ಟಿತ್ತು?
3. ನಿಮ್ಮ ಮನೆಯಲ್ಲಿ ಹುಡುಗಿಯು ಮೊದಲನೆಯ ಪಂಕ್ತಿಯಲ್ಲಿ ಉಣ್ಣುವಳೋ ಕಡೆಯ ಪಂಕ್ತಿಯಲ್ಲಿಯೋ?
4. ಈ ತಿಂಗಳಲ್ಲಿ ನಿಮ್ಮ ಸಭೆಯೊಳಗೆ ಯಾವ ಯಾವ ಮಕ್ಕಳ ಹುಟ್ಟುಹಬ್ಬಗಳಿವೆ?

ಪ್ರಾರ್ಥನೆ

ಕರ್ತನೇ, ನೀನು ಕೂಸಾಗಿ ಹುಟ್ಟಿ ನಮ್ಮ ಹಾಗೆ ಬೆಳೆದಿ. ನಮ್ಮ ಮಕ್ಕಳನ್ನು, ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳನ್ನು, ನಿನ್ನ ಕಣ್ಣಿನಿಂದ ನೋಡುವಂತೆ ಕಲಿಸು. ಅವರಿಗೆ ಸಾಲದ್ದನ್ನು ಕಂಡುಹಿಡಿಯುವ ಬುದ್ಧಿಯನ್ನೂ, ಅದನ್ನು ಒದಗಿಸುವ ಕೈಯನ್ನೂ ನಮಗೆ ದಯಪಾಲಿಸು. ಆಮೆನ್.