ಬೇಡಬಹುದಾದುದು ತೀರ್ಮಾನವನ್ನು ಮಾತ್ರ

ಸೋದರಿ, ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನವು ಮುಗಿದ ಬಳಿಕ ವಲಸೆ ಕಾಯಿದೆಯ 221(ಜಿ) ವಿಧಿಯ ಚೀಟಿಯನ್ನು ಕೈಗಿತ್ತು, ‘ಪರಿಶೀಲನೆ ನಡೆಯುತ್ತಿದೆ’ ಎಂಬ ಒಂದೇ ಉತ್ತರದಿಂದ ನಿಮ್ಮನ್ನು ವರ್ಷಕ್ಕೂ ಮಿಕ್ಕಿ ಕಾಯಿಸುತ್ತಿರುವರೆಂಬ ಸಂಗತಿಯನ್ನು ವ್ಯಥೆಯಿಂದ ಓದಿದೆನು. ಅಮೆರಿಕದ ಪೌರರಾದ ನಿಮ್ಮ ಪತಿಯವರು ಅಲ್ಲಿಯ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ‘ಮ್ಯಾಂಡಮಸ್’ ದಾವೆಯನ್ನು ಹೂಡಬಹುದೆಂಬುದು ದಿಟ. ಅಸಮಂಜಸವಾಗಿ ವಿಳಂಬಿತವಾದ ಕಾರ್ಯವನ್ನು ಪೂರೈಸೆಂದು ಸರ್ಕಾರಕ್ಕೆ ಆಜ್ಞಾಪಿಸುವ ಅಧಿಕಾರವನ್ನು 1946ರ ಆಡಳಿತ ಕಾರ್ಯವಿಧಾನ ಕಾಯಿದೆಯು ನ್ಯಾಯಾಲಯಕ್ಕೆ ದಯಪಾಲಿಸಿದೆ. ಆದರೆ ಎಷ್ಟು ಕಾಲ ಕಳೆದರೆ ವಿಳಂಬವು ಅಸಮಂಜಸವೆನಿಸುವುದೆಂಬುದಕ್ಕೆ ನಿಶ್ಚಿತವಾದ ಗಡುವಿಲ್ಲ. 1984ರ ತೀರ್ಪೊಂದು ನಿರೂಪಿಸಿದ ಆರು ಅಂಶಗಳನ್ನು ತೂಗಿನೋಡುವ ನ್ಯಾಯಾಧೀಶರಲ್ಲಿ ಏಕಾಭಿಪ್ರಾಯವಿಲ್ಲ. ಆ ಚೀಟಿಯೇ ನಿರಾಕರಣವಾದುದರಿಂದ ತೀರ್ಮಾನವು ಆಗಲೇ ಆಗಿಹೋಗಿದೆಯೆಂದು ಸರ್ಕಾರದ ವಕೀಲರು ವಾದಿಸುವುದೂ ಉಂಟು (ಈ ಚಾತುರ್ಯವನ್ನು ನಾನು ಮೆಚ್ಚಲಾರೆ). ದಾವೆಯ ನೋಟೀಸು ತಲುಪಿದ ಮೇಲೆ ಉತ್ತರಿಸಲು ಸರ್ಕಾರಕ್ಕೆ 60 ದಿನಗಳ ಅವಕಾಶವಿದ್ದು, ಸ್ತಬ್ಧವಾಗಿದ್ದ ಕಡತಗಳು ಕೆಲವೊಮ್ಮೆ ಆ ಅವಧಿಯಲ್ಲಿಯೇ ಚಲಿಸುತ್ತವೆ. ಗೆದ್ದರೂ ದೊರೆಯುವುದು ತೀರ್ಮಾನವೇ ಹೊರತು ವೀಸಾ ಅಲ್ಲ. ಸಂಗಾತಿಗೆ ವೀಸಾ ದೊರಕಿಸಿಕೊಡುವುದು ಪೌರನ ಮೂಲಭೂತ ಹಕ್ಕಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ನುಡಿದಿದೆ. ಆದುದರಿಂದ ಪತಿಯವರು ಮೊದಲು ತಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಯಿಂದ ವಿಚಾರಣೆ ಮಾಡಿಸಲಿ, ಅದು ವ್ಯರ್ಥವಾದರೆ ವಕೀಲರನ್ನು ಕಾಣಲಿ. ನೀವಾದರೋ ವೀಸಾಕ್ಕಾಗಿ ಮಾಡಿಸಿದ ವೈದ್ಯಕೀಯ ಪರೀಕ್ಷೆಯ ಅವಧಿ ತೀರಿದೆಯೇ ಎಂಬುದನ್ನು ನೋಡಿಕೊಳ್ಳಿರಿ, ವೀಸಾ ಕೈಸೇರುವವರೆಗೆ ಉದ್ಯೋಗವನ್ನು ಬಿಡದಿರಿ.